ವಿದೇಶಿ ಸಂಗಾತಿಗೆ ಟೂರಿಸ್ಟ್ ವೀಸಾ: ಮುಂಬೈ, ಪುಣೆಯ ಮನೆಯವರು ಮಾಡಬೇಕಾದ ಕೆಲಸ

ಮಗಳ ಜರ್ಮನ್ ಹುಡುಗ ಗಣಪತಿ ಹಬ್ಬಕ್ಕೆ ಪುಣೆಗೆ ಬರುತ್ತಾನೆ ಅಂದ ಕೂಡಲೇ ಮನೆಯವರು ಮೊದಲು ಕೇಳುವುದು, ನಾವು ಇನ್ವಿಟೇಶನ್ ಲೆಟರ್ ಕಳಿಸಬೇಕಾ ಅಂತ. ಬೇಡ. ಇ-ಟೂರಿಸ್ಟ್ ವೀಸಾಕ್ಕೆ ಅಪ್‌ಲೋಡ್ ಮಾಡಬೇಕಾದ್ದು ಎರಡೇ: ಒಂದು ಫೋಟೋ, ಪಾಸ್‌ಪೋರ್ಟಿನ ವಿವರವಿರುವ ಪುಟ. ನೋಟರಿಯೂ ಬೇಡ, ಬ್ಯಾಂಕ್ ಸ್ಟೇಟ್‌ಮೆಂಟೂ ಬೇಡ. ಹಾಗಂತ ಮನೆಯವರಿಗೆ ಕೆಲಸವೇ ಇಲ್ಲ ಅಂದುಕೊಂಡು ಕೂತರೆ ಆಗುವುದಿಲ್ಲ. ನಿಮ್ಮ ವಿಳಾಸ, ಫೋನ್ ನಂಬರು ಮೂರು ಕಡೆ ದಾಖಲಾಗುತ್ತವೆ: ವೀಸಾ ಅರ್ಜಿಯಲ್ಲಿ, ಇ-ಅರೈವಲ್ ಕಾರ್ಡಿನಲ್ಲಿ, ಬಂದಿಳಿದ ಮೇಲೆ ಮನೆಯವರು ತುಂಬುವ ಫಾರ್ಮ್ ಸಿಯಲ್ಲಿ. ಮೂರೂ ಕಡೆ ಒಂದೇ ಥರ ಇರಲಿ. ಫ್ಲ್ಯಾಟ್ ನಂಬರು, ಸೊಸೈಟಿ ಹೆಸರು, ರಸ್ತೆ, ಪಿನ್ ಕೋಡ್ ಇಷ್ಟನ್ನು ಇಂಗ್ಲಿಷಿನಲ್ಲಿ ಚಿಕ್ಕದಾಗಿ ಟೈಪ್ ಮಾಡಿ ವಾಟ್ಸಾಪಿನಲ್ಲಿ ಕಳಿಸಿಬಿಡಿ, ಅವರು ಅದನ್ನೇ ಕಾಪಿ ಮಾಡಿಕೊಳ್ಳಲಿ. ನಮ್ಮ 'ಹನುಮಾನ್ ಮಂದಿರದ ಹಿಂದೆ, ರಿಕ್ಷಾ ಸ್ಟ್ಯಾಂಡ್ ಎದುರು' ಥರದ ಗುರುತುಗಳು ಅಲ್ಲಿ ಬೇಡ.

ಮೊದಲು ಸೈಟಿನ ವಿಷಯ. ಗೂಗಲ್ಲಿನಲ್ಲಿ ಇಂಡಿಯಾ ವೀಸಾ ಅಂತ ಹುಡುಕಿದರೆ ಮೇಲೆ ಬರುವ ಜಾಹೀರಾತುಗಳಲ್ಲಿ ಬಹುಪಾಲು ಖಾಸಗಿ ಏಜೆಂಟರವು. ಅಶೋಕ ಸ್ತಂಭದ ಚಿತ್ರ ಹಾಕಿಕೊಂಡು ಸರಕಾರದ್ದೇ ಅನ್ನಿಸುವ ಹಾಗೆ ಕೂತಿರುತ್ತವೆ, ಶುಲ್ಕ ಎರಡು ಮೂರು ಪಟ್ಟು. ಅಸಲಿ ಸೈಟಿನ ವಿಳಾಸ ಇಂಡಿಯನ್‌ವೀಸಾಆನ್‌ಲೈನ್ ಡಾಟ್ ಗವ್ ಡಾಟ್ ಇನ್. ಕೊನೆಯಲ್ಲಿ ಗವ್ ಡಾಟ್ ಇನ್ ಇಲ್ಲದಿದ್ದರೆ ಅಲ್ಲಿಂದ ಎದ್ದುಬಿಡಿ. ಹೊರಗಿನವರಿಗೆ ಇದು ಗೊತ್ತಿರುವುದಿಲ್ಲ, ಲಿಂಕ್ ನೀವೇ ಕಳಿಸುವುದು ಒಳ್ಳೆಯದು.

ಇ-ಟೂರಿಸ್ಟ್ ವೀಸಾದಲ್ಲಿ ಮೂರು ಬಗೆ: 30 ದಿನ, 1 ವರ್ಷ, 5 ವರ್ಷ. ಬಹಳಷ್ಟು ದೇಶದವರಿಗೆ 1 ವರ್ಷದ್ದು 40 ಡಾಲರ್, 5 ವರ್ಷದ್ದು 80. 30 ದಿನದ್ದು ಏಪ್ರಿಲ್‌ನಿಂದ ಜೂನ್‌ವರೆಗೆ 10 ಡಾಲರ್, ಜುಲೈನಿಂದ ಮಾರ್ಚ್‌ವರೆಗೆ 25. ಇದರ ಮೇಲೆ ಬ್ಯಾಂಕಿನ ಚಾರ್ಜು ಬೇರೆ. ವೀಸಾ ತಿರಸ್ಕಾರವಾದರೂ ಕಟ್ಟಿದ ದುಡ್ಡು ವಾಪಸ್ ಬರುವುದಿಲ್ಲ. ಸಂಗಾತಿ ಅಂದಮೇಲೆ ಒಂದು ಸಲ ಬಂದು ಹೋಗಿ ಮುಗಿಯುವ ಸಂಬಂಧವಲ್ಲವಲ್ಲ, ನನ್ನ ಮಟ್ಟಿಗೆ 5 ವರ್ಷದ್ದೇ ಸರಿ. ಜುಲೈನಿಂದ ಮಾರ್ಚ್ ನಡುವೆ 30 ದಿನದ್ದನ್ನು ಎರಡು ಸಲ ತೆಗೆಯುವಷ್ಟರಲ್ಲಿ 50 ಡಾಲರ್ ಹೋಗಿರುತ್ತದೆ.

30 ದಿನದ್ದರಲ್ಲಿ ಇನ್ನೊಂದು ತೊಡಕಿದೆ. ಬರುವ ತಾರೀಖಿಗೆ 30 ದಿನ ಮಾತ್ರ ಇರುವಾಗ ಅರ್ಜಿಯ ಕಿಟಕಿ ತೆರೆಯುತ್ತದೆ. ಟಿಕೆಟ್ ಮೂರು ತಿಂಗಳ ಹಿಂದೆಯೇ ಮಾಡಿಟ್ಟವರು ಕಾಯುತ್ತಾ ಕೂರಬೇಕು. 1 ಮತ್ತು 5 ವರ್ಷದ್ದಕ್ಕೆ 120 ದಿನ ಮುಂಚೆಯೇ ಹಾಕಬಹುದು. ಲೆಕ್ಕದ ರೀತಿಯೂ ಬೇರೆ. 30 ದಿನದ ವೀಸಾದ ದಿನಗಳು ಬಂದಿಳಿದ ದಿನದಿಂದ ಎಣಿಕೆಯಾಗುತ್ತವೆ. ಅದರ ಕಾಗದದಲ್ಲಿ ಅಚ್ಚಾಗಿರುವ ಮುಕ್ತಾಯದ ತಾರೀಖು ಒಳಗೆ ಬರಲು ಇರುವ ಕೊನೆಯ ದಿನ, ಹೊರಡುವ ದಿನವಲ್ಲ. ಇದನ್ನು ನೋಡಿ ಗಾಬರಿಯಾಗಿ ಟಿಕೆಟ್ ಬದಲಾಯಿಸುವವರಿದ್ದಾರೆ. 1, 5 ವರ್ಷದ ವೀಸಾಗಳ ಗಡಿಯಾರ ಮಂಜೂರಾದ ದಿನದಿಂದಲೇ ಶುರು. ಆದರೆ 5 ವರ್ಷದ ವೀಸಾ ಇದೆ ಅಂತ ಇಲ್ಲೇ ಠಿಕಾಣಿ ಹೂಡುವ ಹಾಗಿಲ್ಲ, ಒಂದು ಕ್ಯಾಲೆಂಡರ್ ವರ್ಷದಲ್ಲಿ ಒಟ್ಟು 180 ದಿನವೇ ಮಿತಿ. 30 ದಿನದ್ದರಲ್ಲಿ ಎರಡು ಸಲ ಒಳಬರಬಹುದು, ಉಳಿದೆರಡರಲ್ಲಿ ಎಷ್ಟು ಸಲವಾದರೂ.

ಅರ್ಜಿ ಹೆಚ್ಚಾಗಿ ಕೆಡುವುದು ಫೈಲುಗಳಲ್ಲಿ. ಫೋಟೋ ಜೆಪೆಗ್ ಆಗಿರಬೇಕು, 10 ಕೆಬಿಯಿಂದ 1 ಎಂಬಿ ಒಳಗೆ, ಉದ್ದಗಲ ಸಮ, ಹಿನ್ನೆಲೆ ಬಿಳಿ, ಕನ್ನಡಕ ಇಲ್ಲ. ಯುರೋಪಿನ ಪಾಸ್‌ಪೋರ್ಟ್ ಫೋಟೋಗಳು ಉದ್ದಕ್ಕಿರುತ್ತವೆ. ಅದನ್ನೇ ಎಳೆದು ಚೌಕ ಮಾಡಿದರೆ ಮುಖ ಅಗಲವಾಗಿ ಕಾಣುತ್ತದೆ, ಕತ್ತರಿಸಿ ಚೌಕ ಮಾಡಬೇಕು. ಗೋಡೆಗೆ ಒರಗಿ ನಿಂತರೆ ಹಿಂದೆ ನೆರಳು ಬೀಳುತ್ತದೆ, ಒಂದು ಹೆಜ್ಜೆ ಮುಂದೆ ಬಂದು ಕಿಟಕಿಗೆ ಮುಖ ಮಾಡಿ ತೆಗೆಸಿಕೊಳ್ಳಲಿ. ಪಾಸ್‌ಪೋರ್ಟ್ ಪುಟದ ಪಿಡಿಎಫ್ 10 ಕೆಬಿಯಿಂದ 300 ಕೆಬಿ ಒಳಗಿರಬೇಕು. ಫೋನಿನ ಸ್ಕ್ಯಾನರ್ ಆಪ್ ಕೊಡುವ ಪಿಡಿಎಫ್ ಸಾಮಾನ್ಯವಾಗಿ ಇದಕ್ಕಿಂತ ದೊಡ್ಡದು. ಅದನ್ನು ಕುಗ್ಗಿಸುವಾಗ ಪುಟದ ಕೆಳಗಿರುವ ಎರಡು ಸಾಲು, ಬಾಣದ ಗುರುತು ತುಂಬಿದ ಆ ಯಂತ್ರ ಓದುವ ಸಾಲು, ಮಸುಕಾಗಿಬಿಡುತ್ತದೆ. ಟ್ಯೂಬ್‌ಲೈಟ್ ಕೆಳಗೆ ತೆಗೆದರೆ ಲ್ಯಾಮಿನೇಶನ್ ಹೊಳೆದು ಅದೇ ಸಾಲಿನ ಅರ್ಧ ಅಳಿಸಿಹೋಗಿರುತ್ತದೆ. ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ನಾಲ್ಕೂ ಮೂಲೆ ಕಾಣುವ ಹಾಗೆ ತೆಗೆದು, ಕುಗ್ಗಿಸಿದ ಮೇಲೆ ದೊಡ್ಡದು ಮಾಡಿ ಒಂದು ಸಲ ಓದಿ ನೋಡಬೇಕು. ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳು ಆಯುಷ್ಯ, ಎರಡು ಖಾಲಿ ಪುಟ ಬೇಕು ಅನ್ನುವುದೂ ನೆನಪಿರಲಿ.

ಹೆಸರನ್ನು ಆ ಕೆಳಗಿನ ಎರಡು ಸಾಲಿನಲ್ಲಿ ಇದ್ದ ಹಾಗೆಯೇ ತುಂಬಬೇಕು. ಮೇಲೆ ಎರಡು ಚುಕ್ಕೆ ಇರುವ ಜರ್ಮನ್ ಅಕ್ಷರಗಳನ್ನು ಫಾರ್ಮು ತೆಗೆದುಕೊಳ್ಳುವುದಿಲ್ಲ. ಆ ಸಾಲಿನಲ್ಲಿ ಅದನ್ನು ಎರಡು ಇಂಗ್ಲಿಷ್ ಅಕ್ಷರವಾಗಿ ಬಿಡಿಸಿ ಬರೆದಿರುತ್ತದೆ, ಅದನ್ನೇ ಬಳಸಲಿ. ಎರಡನೆಯ, ಮೂರನೆಯ ಹೆಸರುಗಳನ್ನೂ ಬಿಡಬಾರದು. ಜರ್ಮನ್ ಪಾಸ್‌ಪೋರ್ಟ್ ನಂಬರಿನಲ್ಲಿ 'ಓ' ಅಕ್ಷರ ಇರುವುದೇ ಇಲ್ಲ, ದುಂಡಗೆ ಕಂಡದ್ದೆಲ್ಲ ಸೊನ್ನೆ. ಅಕ್ಷರ ಹಾಕಿದರೆ ಫಾರ್ಮು ಸುಮ್ಮನೆ ತೆಗೆದುಕೊಳ್ಳುತ್ತದೆ, ವೀಸಾವೂ ಬರಬಹುದು. ತಾಪತ್ರಯ ಗೊತ್ತಾಗುವುದು ಅಲ್ಲಿಯ ವಿಮಾನದ ಚೆಕ್-ಇನ್ ಕೌಂಟರಿನಲ್ಲಿ. ಸಂಗಾತಿ ಅಮೆರಿಕದವರಾದರೆ ತಾರೀಖಿನ ಮೇಲೆ ಕಣ್ಣಿಡಿ. ಅವರಿಗೆ ತಿಂಗಳು ಮೊದಲು ಬರೆದು ರೂಢಿ, ಇಲ್ಲಿ ದಿನ ಮೊದಲು. ಮೇ 3 ಹೋಗಿ ಮಾರ್ಚ್ 5 ಆಗುತ್ತದೆ.

ವೈವಾಹಿಕ ಸ್ಥಿತಿಯ ಜಾಗದಲ್ಲಿ ಜೊತೆಗಿದ್ದೇವೆ ಅನ್ನುವುದಕ್ಕೆ ಖಾನೆ ಇಲ್ಲ. ಮದುವೆಯಾಗಿಲ್ಲದಿದ್ದರೆ ಸಿಂಗಲ್, ಅಷ್ಟೇ. ಅದರಿಂದ ವೀಸಾಕ್ಕೆ ಏನೂ ಅಡ್ಡಿಯಿಲ್ಲ. ಭೇಟಿಯ ಉದ್ದೇಶದಲ್ಲಿ ಸ್ನೇಹಿತರು, ಬಂಧುಗಳ ಭೇಟಿ ಅನ್ನುವುದನ್ನು ಆರಿಸಿ ನಿಮ್ಮ ಹೆಸರು, ವಿಳಾಸ ಕೊಡಲಿ. ನಿಮ್ಮ ಮನೆಯಲ್ಲೇ ಉಳಿದುಕೊಳ್ಳುವಾಗ ಇಲ್ಲದ ಹೋಟೆಲಿನ ಹೆಸರು ಬರೆಯುವುದು ಅನವಶ್ಯಕ ಜಾಣತನ. ಭಾರತದಲ್ಲಿ ಒಬ್ಬರು, ಅವರ ದೇಶದಲ್ಲಿ ಒಬ್ಬರು ಅಂತ ಎರಡು ರೆಫರೆನ್ಸ್ ಕೇಳುತ್ತದೆ. ಇಲ್ಲಿಯದಕ್ಕೆ ಫೋನ್ ಎತ್ತುವವರ ನಂಬರು ಕೊಡಿ. ತಂದೆ ತಾಯಿ ಹುಟ್ಟಿದ ಊರು, ಕಳೆದ 10 ವರ್ಷದಲ್ಲಿ ಹೋಗಿಬಂದ ದೇಶಗಳು, 3 ವರ್ಷದಲ್ಲಿ ಹೋದ ಸಾರ್ಕ್ (ದಕ್ಷಿಣ ಏಷ್ಯಾದ ಒಕ್ಕೂಟ) ದೇಶಗಳು, ಇವನ್ನೆಲ್ಲ ಮೊದಲೇ ಬರೆದಿಟ್ಟುಕೊಂಡು ಕೂರಬೇಕು, ಯೋಚಿಸುತ್ತಾ ಕೂತರೆ ಸೈಟು ಲಾಗ್‌ಔಟ್ ಆಗುತ್ತದೆ. ಮೊದಲ ಪುಟ ಮುಗಿದ ಕೂಡಲೇ ಬರುವ ತಾತ್ಕಾಲಿಕ ಅರ್ಜಿ ಸಂಖ್ಯೆಯನ್ನು ಬರೆದಿಟ್ಟುಕೊಂಡರೆ ಬಿಟ್ಟಲ್ಲಿಂದ ಮುಂದುವರಿಸಬಹುದು.

ತಂದೆ ತಾಯಿ ಅಥವಾ ಅಜ್ಜ ಅಜ್ಜಿ ಪಾಕಿಸ್ತಾನದ ಪ್ರಜೆಗಳಾಗಿದ್ದರಾ ಅನ್ನುವ ಪ್ರಶ್ನೆಗೆ ಉತ್ತರ ಹೌದು ಅಂತಾದರೆ ಇ-ವೀಸಾದ ದಾರಿ ಅಲ್ಲಿಗೆ ಮುಚ್ಚಿತು. ಲಂಡನ್ನಿನಲ್ಲಿ ಹುಟ್ಟಿ ಬೆಳೆದು ಬ್ರಿಟಿಷ್ ಪಾಸ್‌ಪೋರ್ಟ್ ಇದ್ದರೂ ಅಷ್ಟೇ. ಭಾರತದ ರಾಯಭಾರ ಕಚೇರಿಯ ಮೂಲಕ ಕಾಗದದ ವೀಸಾ ತೆಗೆಯಬೇಕು, ಅದಕ್ಕೆ ಬಹಳ ಸಮಯ ಹಿಡಿಯುತ್ತದೆ. ಮುಚ್ಚಿಡುವ ಯೋಚನೆಯೇ ಬೇಡ.

ದುಡ್ಡು ಕಟ್ಟುವಾಗ ಕಾರ್ಡ್ ಫೇಲ್ ಆಗುವುದು ಮಾಮೂಲು. ಮತ್ತೆ ಮತ್ತೆ ಒತ್ತಬಾರದು. ಪಾವತಿಯ ವಿವರ ಸೈಟಿನಲ್ಲಿ ಕಾಣಲು 4 ತಾಸು ಹಿಡಿಯಬಹುದು. ಮೂರು ಸಲ ಸೋತರೆ ಆ ಅರ್ಜಿಯೇ ಬ್ಲಾಕ್ ಆಗಿ ಎಲ್ಲವನ್ನೂ ಹೊಸದಾಗಿ ತುಂಬಬೇಕು. ಒಮ್ಮೆ ಫೇಲ್ ಆದರೆ ಬ್ಯಾಂಕಿಗೆ ಫೋನ್ ಮಾಡಿ ವಿದೇಶಿ ವ್ಯವಹಾರ ತೆರೆಸಿಕೊಂಡು ಆಮೇಲೆ ಕಟ್ಟುವುದು ಲೇಸು. ಕಡೇಪಕ್ಷ ನಾಲ್ಕು ದಿನ ಮುಂಚೆ ಅರ್ಜಿ ಹಾಕಿರಬೇಕು ಅನ್ನುವುದು ನಿಯಮ, ಎರಡು ವಾರ ಇಟ್ಟುಕೊಂಡರೆ ನೆಮ್ಮದಿ. ಫೋಟೋ ಸರಿಯಿಲ್ಲ, ಮತ್ತೆ ಹಾಕಿ ಅನ್ನುವ ಮೇಲ್ ಸ್ಪ್ಯಾಮಿನಲ್ಲಿ ಬಿದ್ದಿರಬಹುದು, ಸೈಟಿಗೇ ಹೋಗಿ ಸ್ಟೇಟಸ್ ನೋಡುತ್ತಿರಲಿ. 'ಗ್ರಾಂಟೆಡ್' ಅಂತ ಬಂದ ಮೇಲೆ ಪ್ರಿಂಟ್ ತೆಗೆದು, ಪಾಸ್‌ಪೋರ್ಟ್ ನಂಬರನ್ನು ಒಂದೊಂದೇ ಅಂಕಿ ಬೆರಳಿಟ್ಟು ಹೋಲಿಸಬೇಕು. ತಪ್ಪಿದ್ದರೆ ತಿದ್ದುವ ದಾರಿಯಿಲ್ಲ, ಹೊಸ ಅರ್ಜಿ, ಹೊಸ ಶುಲ್ಕ.

ಬರುವ ವಿಮಾನ ನಿಲ್ದಾಣ ಕೇಳಿದಾಗ ಇಮಿಗ್ರೇಶನ್ ಆಗುವ ಊರನ್ನು ಕೊಡಬೇಕು. ಫ್ರಾಂಕ್‌ಫರ್ಟಿನಿಂದ ದಿಲ್ಲಿಗೆ ಬಂದು ಅಲ್ಲಿಂದ ಪುಣೆಗೆ ಹಾರುವವರಿಗೆ ಅದು ದಿಲ್ಲಿ. ಮುಂಬೈ, ಪುಣೆ, ಗೋವಾದ ದಾಬೋಳಿ ಮತ್ತು ಮೋಪಾ, ಮಂಗಳೂರು, ಬೆಂಗಳೂರು ಎಲ್ಲವೂ ಇ-ವೀಸಾಕ್ಕೆ ನಡೆಯುತ್ತವೆ. 2025ರ ಅಕ್ಟೋಬರ್ 1ರಿಂದ ವಿದೇಶಿಯರಿಗೆ ಇ-ಅರೈವಲ್ ಕಾರ್ಡ್ ಬಂದಿದೆ. ಬಂದಿಳಿಯುವ ಮುಂಚಿನ 72 ತಾಸಿನೊಳಗೆ ಆನ್‌ಲೈನಿನಲ್ಲಿ ತುಂಬುವುದು. ಇದು ಪುಕ್ಕಟೆ, ಯಾರಾದರೂ ದುಡ್ಡು ಕೇಳಿದರೆ ಅದು ನಕಲಿ ಸೈಟು. ಬ್ರೆಜಿಲ್, ಕೀನ್ಯಾದಂಥ ಹಳದಿ ಜ್ವರದ ದೇಶಗಳಿಂದ ಬರುವವರಿಗೆ ಲಸಿಕೆಯ ಸರ್ಟಿಫಿಕೇಟ್ ಬೇಕೇ ಬೇಕು, ಲಸಿಕೆ ಹಾಕಿಸಿ 10 ದಿನ ಆಗಿರಬೇಕು. ಇನ್ನೊಂದು, ಬ್ಯಾಗಿನಲ್ಲಿ ವೇಪ್ ಇದ್ದರೆ ಅಲ್ಲೇ ಬಿಟ್ಟು ಬರಲಿ, ಇಲ್ಲಿ ಇ-ಸಿಗರೇಟ್ ನಿಷೇಧ. ಚಾರಣದವರು ಇಟ್ಟುಕೊಳ್ಳುವ ಸ್ಯಾಟಲೈಟ್ ಸಂದೇಶದ ಉಪಕರಣ ಇನ್ನೂ ಅಪಾಯ. ಅನುಮತಿಯಿಲ್ಲದೆ ತಂದ ವಿದೇಶಿಯರನ್ನು ಗೋವಾದ ವಿಮಾನ ನಿಲ್ದಾಣದಲ್ಲಿ ಪೊಲೀಸರಿಗೆ ಒಪ್ಪಿಸಿದ್ದುಂಟು.

ಈಗ ಫಾರ್ಮ್ ಸಿ (2025ರ ಹೊಸ ನಿಯಮಗಳಲ್ಲಿ ಇದರ ಹೆಸರು ಫಾರ್ಮ್ 3). ಮನೆಯವರ ನಿಜವಾದ ಜವಾಬ್ದಾರಿ ಇದು, ಹೆಚ್ಚಿನವರಿಗೆ ಇದರ ಹೆಸರೇ ಗೊತ್ತಿಲ್ಲ. ವಿದೇಶಿಯರನ್ನು ಉಳಿಸಿಕೊಂಡವರು, ಹೋಟೆಲಿರಲಿ ಸ್ವಂತ ಮನೆಯಿರಲಿ, 24 ತಾಸಿನೊಳಗೆ ಆನ್‌ಲೈನಿನಲ್ಲಿ ತಿಳಿಸಬೇಕು. ಹೋಟೆಲಿನವರು ರಿಸೆಪ್ಶನ್ನಿನಲ್ಲಿ ಪಾಸ್‌ಪೋರ್ಟ್ ಸ್ಕ್ಯಾನ್ ಮಾಡಿಕೊಳ್ಳುವುದು ಇದಕ್ಕೇ. ಮನೆಯವರಾದರೆ ವಿದೇಶಿಯರ ನೋಂದಣಿ ಕಚೇರಿಯಾದ ಎಫ್ಆರ್‌ಆರ್‌ಒ ಪೋರ್ಟಲಿನಲ್ಲಿ ಮೊದಲು ತಮ್ಮ ಹೆಸರು ನೋಂದಾಯಿಸಬೇಕು. ಗುರುತಿನ ಚೀಟಿ, ಮನೆಯ ದಾಖಲೆ ಕೇಳುತ್ತದೆ, ಕಚೇರಿಯವರು ಒಪ್ಪಿಗೆ ಕೊಟ್ಟ ಮೇಲೆ ಲಾಗಿನ್ ಚಾಲೂ ಆಗುತ್ತದೆ. ಈ ಒಪ್ಪಿಗೆಗೆ ದಿನಗಳು ಹಿಡಿಯುತ್ತವೆ, 24 ತಾಸಿನ ಗಡುವು ಮಾತ್ರ ಕಾಯುವುದಿಲ್ಲ. ಹಾಗಾಗಿ ವಿಮಾನದ ಟಿಕೆಟ್ ಆದ ವಾರವೇ ನೋಂದಣಿ ಶುರುಮಾಡಿ. ಮುಂಬೈಯವರಿಗೆ ಕಚೇರಿ ಸಿಎಸ್‌ಎಂಟಿ ಹತ್ತಿರ ಬದ್ರುದ್ದೀನ್ ತಯ್ಯಬ್ಜಿ ಮಾರ್ಗದಲ್ಲಿದೆ, ಸೇಂಟ್ ಝೇವಿಯರ್ಸ್ ಕಾಲೇಜಿನ ಹಿಂದೆ. ಬಾಡಿಗೆ ಮನೆಯಾದರೆ ಮಾಲೀಕರಿಗೂ ಸೊಸೈಟಿಯ ಸೆಕ್ರೆಟರಿಗೂ ಮುಂಚೆಯೇ ಒಂದು ಮಾತು ಹೇಳಿ, ಅಗ್ರಿಮೆಂಟಿನ ಪ್ರತಿ ಕೈಗಿಟ್ಟುಕೊಳ್ಳಿ. ವಾಚ್‌ಮನ್ ರಾತ್ರಿ ಒಂದು ಗಂಟೆಗೆ ಗೇಟಿನಲ್ಲಿ ತಡೆದು ಫೋನ್ ಮಾಡುವ ಪ್ರಸಂಗ ತಪ್ಪುತ್ತದೆ.

ಫಾರ್ಮಿನಲ್ಲಿ ಕೇಳುವುದು ಪಾಸ್‌ಪೋರ್ಟ್ ಮತ್ತು ವೀಸಾ ವಿವರ, ಭಾರತಕ್ಕೆ ಬಂದ ತಾರೀಖು, ಎಲ್ಲಿಂದ ಬಂದರು, ಎಷ್ಟು ದಿನ ಇರುತ್ತಾರೆ, ಮುಂದೆ ಎಲ್ಲಿಗೆ. ಇಮಿಗ್ರೇಶನ್ ಮುದ್ರೆಯ ಫೋಟೋ ತೆಗೆದಿಟ್ಟುಕೊಂಡರೆ ಕೂತಲ್ಲೇ ತುಂಬಬಹುದು. ಸಲ್ಲಿಸಿದ ಮೇಲೆ ಪ್ರಿಂಟ್ ತೆಗೆದು ಒಂದು ಪ್ರತಿ ಸಂಗಾತಿಯ ಬ್ಯಾಗಿನಲ್ಲಿರಲಿ. ನಡುವೆ ಗೋವಾಕ್ಕೆ ಹೋಗಿ ನಾಲ್ಕು ದಿನ ಇದ್ದರೆ ಅಲ್ಲಿಯ ಗೆಸ್ಟ್‌ಹೌಸಿನವರು ತಮ್ಮದು ತುಂಬುತ್ತಾರೆ, ಮರಳಿ ಬಂದಾಗ ನೀವು ಹೊಸದಾಗಿ ತುಂಬಬೇಕು. ಹುಬ್ಬಳ್ಳಿಯ ಸೋದರಮಾವನ ಮನೆಯಲ್ಲಿ ಎರಡು ರಾತ್ರಿ ಕಳೆದರೆ ಅಲ್ಲಿ ಮಾವನ ಹೆಸರಿನಲ್ಲಿ. ಮಾವನಿಗೆ ಇಷ್ಟೆಲ್ಲ ತಾಪತ್ರಯ ಬೇಡ ಅನ್ನಿಸಿದರೆ ರಾತ್ರಿಗೆ ಹೋಟೆಲ್ ಮಾಡಿ, ಊಟಕ್ಕೆ ಮಾವನ ಮನೆ. ಹಾಗೇ ಮುಂಡಗೋಡದ ಟಿಬೆಟನ್ ಕ್ಯಾಂಪ್ ನೋಡುವ ಆಸೆಯಿದ್ದರೆ, ವಿದೇಶಿಯರು ಅಲ್ಲಿ ರಾತ್ರಿ ಉಳಿಯಲು ಕೇಂದ್ರ ಗೃಹ ಇಲಾಖೆಯ ಬೇರೆಯೇ ಪರ್ಮಿಟ್ ಬೇಕು, ಬೈಲಕುಪ್ಪೆಯದೂ ಅದೇ ಕಥೆ.

ಇ-ಟೂರಿಸ್ಟ್ ವೀಸಾವನ್ನು ಮುಂದುವರಿಸಲು ಬರುವುದಿಲ್ಲ. ಜ್ವರ ಬಂದು ಆಸ್ಪತ್ರೆ ಸೇರಿದ್ದಕ್ಕೋ ವಿಮಾನ ರದ್ದಾಗಿದ್ದಕ್ಕೋ ಅವಧಿ ದಾಟುವ ಹಾಗಿದ್ದರೆ, ದಾಟುವ ಮುಂಚೆಯೇ ಅದೇ ಕಚೇರಿಯ ಆನ್‌ಲೈನ್ ಸೇವೆಯಾದ ಇ-ಎಫ್ಆರ್‌ಆರ್‌ಒದಲ್ಲಿ ಅರ್ಜಿ ಹಾಕಿ. ವಿಮಾನ ನಿಲ್ದಾಣದಲ್ಲಿ ನಿಂತು ವಿವರಿಸಿದರೆ ಅಲ್ಲಿ ಕೇಳುವವರಿಲ್ಲ.

ಇದೇ ಭೇಟಿಯಲ್ಲಿ ರಿಜಿಸ್ಟರ್ ಮದುವೆಯನ್ನೂ ಮುಗಿಸಿಬಿಡೋಣ ಅನ್ನುವವರು ದಿನ ಎಣಿಸಿ ನೋಡಿ. ಸ್ಪೆಷಲ್ ಮ್ಯಾರೇಜ್ ಆಕ್ಟ್ ಪ್ರಕಾರ ನೋಟಿಸ್ ಕೊಟ್ಟು 30 ದಿನ ಕಾಯಬೇಕು, ಅದಕ್ಕೂ ಮುಂಚೆ ಇಬ್ಬರಲ್ಲಿ ಒಬ್ಬರು ಆ ಜಿಲ್ಲೆಯಲ್ಲಿ 30 ದಿನ ವಾಸವಿರಬೇಕು. ವಾಸದ ಷರತ್ತು ಇಲ್ಲಿರುವ ನಿಮ್ಮಿಂದಲೇ ತುಂಬುತ್ತದೆ. ಆದರೆ ಸಂಗಾತಿ ಬಂದ ಮಾರನೆಯ ದಿನವೇ ನೋಟಿಸ್ ಕೊಟ್ಟರೂ 30 ದಿನದ ವೀಸಾ ಮುಗಿದುಹೋಗುತ್ತದೆ. 1 ಅಥವಾ 5 ವರ್ಷದ್ದು ಇದ್ದರೆ ಮಾತ್ರ ಸಾಧ್ಯ. ಮದುವೆಯ ನಂತರ ಇಲ್ಲಿ ಬಂದು ಇರುವುದಕ್ಕೆ ಎಕ್ಸ್ ವೀಸಾ ಅಂತ ಬೇರೆಯೇ ಇದೆ. ವಿದೇಶಿ ಸಂಗಾತಿಗೆ ಇಲ್ಲಿ ದೀರ್ಘಕಾಲ ಇರಲು ಸಿಗುವ ಒಸಿಐ ಕಾರ್ಡಿಗೆ ಮದುವೆಯಾಗಿ ಎರಡು ವರ್ಷ ತುಂಬಬೇಕು. ಮದುವೆಗೆ ಅಡ್ಡಿಯಿಲ್ಲ ಅನ್ನುವ ಪ್ರಮಾಣಪತ್ರವನ್ನು ರಿಜಿಸ್ಟ್ರಾರ್ ಕೇಳುತ್ತಾರೆ. ಜರ್ಮನಿಯವರಿಗೆ ಅದನ್ನು ಕೊಡುವುದು ಮುಂಬೈಯ ಕಾನ್ಸುಲೇಟ್ ಅಲ್ಲ, ಅವರ ಊರಿನ ಮದುವೆ ನೋಂದಣಿ ಕಚೇರಿ. ಆರು ತಿಂಗಳು ಮಾತ್ರ ಚಾಲ್ತಿಯಲ್ಲಿರುತ್ತದೆ, ಟಿಕೆಟ್ ಮಾಡಿದ ಮೇಲೆ ತೆಗೆಸಿ, ಸೂಟ್‌ಕೇಸಿಗೆ ಹಾಕದೆ ಕೈಚೀಲದಲ್ಲಿಟ್ಟು ತರಲು ಹೇಳಿ.