ಬ್ರೇಕ್ ಒತ್ತಿದಾಗ ಮಾತ್ರ ನಡುಗುತ್ತಾ?

"ಬ್ರೇಕ್ ಒತ್ತಿದಾಗ ಮಾತ್ರ ನಡುಗುತ್ತಾ, ಸುಮ್ನೆ ಓಡಿಸುವಾಗಲೂ ನಡುಗುತ್ತಾ?"

ಗುರುವಾರದಿಂದ ಈ ಪ್ರಶ್ನೆ ನನ್ನ ತಲೆಯಿಂದ ಹೋಗಿಲ್ಲ.

ಮಂಗಳವಾರ ಕಡೂರು ರಸ್ತೆಯಲ್ಲಿ 80ರ ವೇಗದಲ್ಲಿದ್ದೆ. ಎಮ್ಮೆಯೊಂದು ಅಡ್ಡ ಬಂತು. ಬ್ರೇಕ್ ಒತ್ತಿದ್ದೇ ತಡ, ಸ್ಟೀರಿಂಗ್ ಕೈಯಲ್ಲಿ ಗಡಗಡ ನಡುಗಿತು. ಪಕ್ಕದಲ್ಲಿದ್ದ ಅಪ್ಪ ಡ್ಯಾಶ್‌ಬೋರ್ಡ್ ಹಿಡಿದುಕೊಂಡರು.

ಬುಧವಾರ ಚಿಕ್ಕಮಗಳೂರಿನ ಒಂದು ದೊಡ್ಡ ಟೈರ್ ಅಂಗಡಿಗೆ ಹೋದೆ. "ಸ್ಟೀರಿಂಗ್ ನಡುಗುತ್ತೆ" ಅಂದೆ, ಅಷ್ಟೇ. ಹುಡುಗ ಒಂದು ಮಾತೂ ಕೇಳದೆ ಅಲೈನ್‌ಮೆಂಟ್ (ಚಕ್ರಗಳ ದಿಕ್ಕು ಸರಿಪಡಿಸೋದು), ಬ್ಯಾಲೆನ್ಸಿಂಗ್ (ಚಕ್ರದ ತೂಕ ಸಮ ಮಾಡೋದು) ಮಾಡಿ 1,200 ರೂಪಾಯಿ ಬಿಲ್ ಕೊಟ್ಟ. ದುಡ್ಡಿಗಿಂತ ಜಾಸ್ತಿ ಬೇಜಾರಾಗಿದ್ದು ಅವನು ಏನೂ ಕೇಳದೇ ಇದ್ದದ್ದಕ್ಕೆ. ವಾಪಸ್ ಬರುವಾಗ ಅದೇ ನಡುಕ.

ಗುರುವಾರ ಹೋಗಿದ್ದು ವಯಸ್ಸಾದ ಮೆಕ್ಯಾನಿಕ್ ಒಬ್ಬರ ಶೆಡ್ಡಿಗೆ. ಅವರು ಬಾನೆಟ್ ಮುಟ್ಟಲಿಲ್ಲ. ವೇಸ್ಟ್ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾ ಆ ಪ್ರಶ್ನೆ ಕೇಳಿದರು.

"ಒತ್ತಿದಾಗ ಮಾತ್ರ."

"ಪೆಡಲ್ ಕಾಲಿಗೆ ಒದೆಯುತ್ತಾ?"

"ಹೌದು."

"ಈಚೆಗೆ ಘಾಟಿ ಇಳಿದಿದ್ರಾ ಸಾರ್?"

ಇಳಿದಿದ್ದೆವು. ಹೋದ ಭಾನುವಾರ ಧರ್ಮಸ್ಥಳಕ್ಕೆ. ಕೊಟ್ಟಿಗೆಹಾರ ದಾಟಿದ ಮೇಲೆ ಚಾರ್ಮಾಡಿಯ ತಿರುವುಗಳಲ್ಲೆಲ್ಲ ನನ್ನ ಕಾಲು ಬ್ರೇಕ್ ಮೇಲೇ ಇತ್ತು. ಕೆಳಗೆ ಬಂದವನೇ, ಕೆಂಪು ಮಣ್ಣು ಮೆತ್ತಿದೆ ಅಂತ ವಾಟರ್ ಸರ್ವಿಸ್‌ಗೆ ಬಿಟ್ಟೆ. ಮುಂದಿನ ಚಕ್ರಕ್ಕೆ ನೀರು ಬಿದ್ದಾಗ ಚುಸ್ಸ್ ಅಂತ ಹಬೆ ಎದ್ದಿತ್ತು. ಅದನ್ನು ಹೇಳಿದಾಗ ಅವರು ಬರೀ ತಲೆ ಆಡಿಸಿದರು.

ಚಕ್ರ ಬಿಚ್ಚಿ, ಚಕ್ರದ ಜೊತೆ ತಿರುಗುವ ಬ್ರೇಕ್ ಡಿಸ್ಕಿಗೆ ಡಯಲ್ ಗೇಜ್ (ಸಣ್ಣ ಏರುಪೇರನ್ನೂ ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ) ಇಟ್ಟು ಮೆಲ್ಲಗೆ ತಿರುಗಿಸಿದರು. ಮುಳ್ಳು ಒಂದು ಕಡೆ ಅಲ್ಲಾಡದೆ ನಿಂತಿತ್ತು. ಅರ್ಧ ಸುತ್ತು ಬಂದಾಗ 0.1 ಮಿಲಿಮೀಟರ್ ದಾಟಿತು. ಡಿಸ್ಕಿನ ಮೇಲೆ ಅಲ್ಲಲ್ಲಿ ನೀಲಿ ಕಲೆ. "ಎಲ್ರೂ ಡಿಸ್ಕ್ ಬೆಂಡ್ ಆಗಿದೆ ಅಂತಾರೆ. ಎಷ್ಟೋ ಸಲ ಬೆಂಡ್ ಅಲ್ಲ ಸಾರ್, ದಪ್ಪ ಒಂದೇ ಸಮ ಇರಲ್ಲ" ಅಂದರು. ಬ್ರೇಕ್ ಒತ್ತಿದಾಗ ಡಿಸ್ಕನ್ನು ಹಿಡಿಯುವ ಪ್ಯಾಡ್, ದಪ್ಪ ಇರುವ ಕಡೆ ಗಟ್ಟಿ ಹಿಡಿಯುತ್ತೆ, ತೆಳು ಇರುವ ಕಡೆ ಸಡಿಲ. ಆ ಹಿಡಿ-ಬಿಡು ಆಟವೇ ಕೈಗೆ ನಡುಕವಾಗಿ ಬರುತ್ತೆ. ಬ್ರೇಕ್ ಒತ್ತದೆಯೂ 80, 100ರಲ್ಲಿ ನಡುಗಿದರೆ ಮೊದಲು ಬ್ಯಾಲೆನ್ಸಿಂಗ್, ರಿಮ್, ಟೈರ್ ನೋಡಬೇಕು. ಅಲೈನ್‌ಮೆಂಟ್ ಕೆಟ್ಟರೆ ಗಾಡಿ ಒಂದು ಕಡೆ ಎಳೆಯುತ್ತೆ.

ಲೇತ್ ಯಂತ್ರಕ್ಕೆ ಹಾಕಿ ಸಮ ಮಾಡಿಸೋಣ ಅಂದರೆ ನನ್ನ ಡಿಸ್ಕ್ ಆಗಲೇ ಸವೆದಿತ್ತು. ಎರಡೂ ಕಡೆ ಹೊಸ ಡಿಸ್ಕ್, ಹೊಸ ಪ್ಯಾಡ್ ಹಾಕಿದರು. ಅದಕ್ಕೂ ಮೊದಲು ಡಿಸ್ಕ್ ಕೂರುವ ಜಾಗದ, ಅಂದರೆ ಹಬ್‌ನ ತುಕ್ಕನ್ನು ಎಮರಿ ಪೇಪರಿನಲ್ಲಿ ಉಜ್ಜಿದರು. ತುಕ್ಕು ಉಳಿದರೆ ಹೊಸ ಡಿಸ್ಕೂ ಓರೆಯಾಗಿ ಕೂರುತ್ತಂತೆ. ನಟ್ಟುಗಳನ್ನು ಒಂದು ಬಿಟ್ಟು ಒಂದು, ಒಂದೇ ಬಿಗಿಗೆ ಕೂರಿಸಿದರು. "ಇನ್ಮೇಲೆ ಇಳಿಜಾರಲ್ಲಿ ಎರಡನೇ ಗೇರಲ್ಲಿ ಬನ್ನಿ. ಬಿಸಿ ಇದ್ದಾಗ ನೀರು ಹೊಡೆಸಬೇಡಿ" ಅಂದರು. ಅಪ್ಪ ಇಷ್ಟೂ ಹೊತ್ತು ಅಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದರು.

ಅಪ್ಪನ ಬಲಗೈ ಕೆಲವು ತಿಂಗಳಿಂದ ನಡುಗುತ್ತಿದೆ. ಅಣ್ಣ ವಯಸ್ಸು ಅಂದ. ಅತ್ತೆ ಶುಗರ್ ಅಂದರು. ಪಕ್ಕದ ಮನೆಯವರು ಕಷಾಯ ಮಾಡಿಕೊಟ್ಟರು. ನಾನು ಏನೂ ಅನ್ನಲಿಲ್ಲ. ಟೈರ್ ಅಂಗಡಿ ಹುಡುಗನ ಮೇಲೆ ಅಷ್ಟು ಸಿಟ್ಟಾದ ನಾನು, ನನ್ನ ಅಪ್ಪನನ್ನೇ ಒಂದು ಮಾತು ಕೇಳಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಎದುರಿಗೆ ಕೂತು ನೋಡಿದೆ. ಕೈ ತೊಡೆಯ ಮೇಲೆ ಸುಮ್ಮನಿತ್ತು. ಕಾಫಿ ಲೋಟ ಎತ್ತಿದಾಗ ನಡುಗಿತು. ಕೆಳಗಿಡುವಾಗ ಬಟ್ಟಲಿಗೆ ತಾಗಿ ಟಣಟಣ ಸದ್ದಾಯಿತು. ಪಾರ್ಕಿನ್ಸನ್ ಕಾಯಿಲೆಯಲ್ಲಿ ಸಾಮಾನ್ಯವಾಗಿ ಕೈ ಸುಮ್ಮನಿರುವಾಗ ಜಾಸ್ತಿ ನಡುಗುತ್ತೆ, ಏನಾದರೂ ಹಿಡಿದಾಗ ಬರುವ ನಡುಕವೇ ಬೇರೆ ಅಂತ ಓದಿದ್ದೇನೆ. ಯಾವುದು ಅಂತ ಡಾಕ್ಟರೇ ಹೇಳಬೇಕು. ಆದರೂ ಕೇಳಿದೆ, "ಅಪ್ಪಾ, ಏನಾದ್ರೂ ಹಿಡಿದಾಗ ಮಾತ್ರ ನಡುಗುತ್ತಾ, ಸುಮ್ನೆ ಕೂತಾಗಲೂನಾ?"

ಅಪ್ಪ ತುಂಬಾ ಹೊತ್ತು ನನ್ನನ್ನೇ ನೋಡಿದರು.

"ಹಿಡಿದಾಗ ಮಾತ್ರ ಕಣೋ. ಸಹಿ ಹಾಕುವಾಗ ಇನ್ನೂ ಜಾಸ್ತಿ. ಬ್ಯಾಂಕಲ್ಲಿ ಎರಡು ಸಲ ಸಹಿ ಹೊಂದಲ್ಲ ಅಂತ ಚೆಕ್ ವಾಪಸ್ ಕೊಟ್ಟರು. ನಿಮಗೆ ಯಾಕೆ ಹೇಳೋದು ಅಂತ ಸುಮ್ನಿದ್ದೆ."

ಸೋಮವಾರ ನರರೋಗ ತಜ್ಞರ ಹತ್ತಿರ ಹೋಗುತ್ತಿದ್ದೇವೆ. ಅಪ್ಪ ಆ ಎರಡೂ ಚೆಕ್ಕುಗಳನ್ನು ಫೈಲಿನಲ್ಲಿ ಇಟ್ಟುಕೊಂಡಿದ್ದಾರೆ, ಡಾಕ್ಟರಿಗೆ ತೋರಿಸಬೇಕಂತೆ.