ಬದರಿಯ ದಾರಿ ಗೊತ್ತಿದ್ದರೆ ಸಾಲದೇ?

ಉತ್ತರಾಖಂಡದ ಚಮೋಲಿ ಜಿಲ್ಲೆಯ ಕುರಿತ ಕನ್ನಡ ವಿಶ್ವಕೋಶ ಲೇಖನವನ್ನು ನಾನು ತಿದ್ದಿ ಬೆಳೆಸುತ್ತಿರುವುದು ಗೊತ್ತಿರುವವರೆಲ್ಲ ತಪ್ಪದೆ ಕೇಳುವ ಪ್ರಶ್ನೆಯೊಂದಿದೆ. ನಮ್ಮವರು ಆ ಕಡೆಗೆ ಹೋಗುವುದೇ ಬದರೀನಾಥನ ದರ್ಶನಕ್ಕೆ. ದಾರಿ, ವಸತಿ, ಗುಡಿಯ ಬಾಗಿಲು ತೆರೆದಿರುವ ತಿಂಗಳುಗಳು ಇಷ್ಟು ತಿಳಿದರೆ ಸಾಕಲ್ಲವೇ, ಅಲ್ಲಿನ ಜನಸಂಖ್ಯೆ, ಬೆಳೆ, ಭೂಕುಸಿತಗಳ ವಿವರ ಕನ್ನಡ ಓದುಗರಿಗೆ ಏಕೆ? ಸಾಲದು ಎಂಬುದೇ ನನ್ನ ಉತ್ತರ. ದಾರಿ ಮತ್ತು ವಸತಿಯ ವಿವರ ಪ್ರವಾಸದ ಕೈಪಿಡಿಗೆ ಸೇರಿದ್ದು. ವಿಶ್ವಕೋಶದ ಲೇಖನವು ಯಾತ್ರಿಕರೆಲ್ಲ ಊರಿಗೆ ಮರಳಿದ ಮೇಲೂ ಅಲ್ಲಿಯೇ ಉಳಿಯುವ ಜನರ ಜಿಲ್ಲೆಯನ್ನು ತಿಳಿಸಿಕೊಡಬೇಕು.

ಹಾಗಾಗಿ ನಾನು ಮೊದಲು ಕೈಹಾಕುವುದು ಗುಡಿಗಳ ಪಟ್ಟಿಗಲ್ಲ, ಅಂಕಿಗಳಿಗೆ. 2011ರ ಜನಗಣತಿಯ ಪ್ರಕಾರ 8,030 ಚದರ ಕಿಲೋಮೀಟರ್ ವಿಸ್ತಾರದ ಈ ಜಿಲ್ಲೆಯಲ್ಲಿದ್ದವರು 3,91,605 ಜನ. ಅಂದರೆ ಚದರ ಕಿಲೋಮೀಟರಿಗೆ ಸುಮಾರು 49 ಮಂದಿ. ಇಷ್ಟನ್ನೇ ಬರೆದು ಬಿಟ್ಟರೆ ಓದುಗರಿಗೆ ಏನೂ ತಿಳಿಯುವುದಿಲ್ಲ. ಸಾವಿರ ಪುರುಷರಿಗೆ 1,019 ಮಹಿಳೆಯರಿದ್ದಾರೆ, ಇಡೀ ರಾಜ್ಯದಲ್ಲಿ ಆ ಸಂಖ್ಯೆ 963 ಎಂಬುದನ್ನು ಪಕ್ಕದಲ್ಲಿಟ್ಟಾಗ ಮಾತ್ರ ಸೇನೆಗೂ ಬಯಲುಸೀಮೆಯ ನಗರಗಳಿಗೂ ದುಡಿಯಲು ಹೋದ ಗಂಡಸರ ಗೈರುಹಾಜರಿ ಕಣ್ಣಿಗೆ ಕಾಣುತ್ತದೆ. ಚಮೋಲಿಯೂ ಸೇರಿದ ಗಢವಾಲ ಸೀಮೆಯ ಬದುಕನ್ನು ಮನಿ ಆರ್ಡರ್ ಆರ್ಥಿಕತೆ, ಅಂದರೆ ದೂರದಲ್ಲಿ ದುಡಿಯುವವರು ಮನೆಗೆ ಕಳಿಸುವ ಹಣದ ಮೇಲೆ ನಿಂತದ್ದು, ಎಂದು ಕರೆಯುತ್ತ ಬಂದಿರುವುದು ಇದೇ ಕಾರಣಕ್ಕೆ. ಹಳೆಯ ಅಂಕಿಗಳನ್ನು ಬಳಸುವಾಗ ಇನ್ನೊಂದು ಎಚ್ಚರ ಬೇಕು: 1960ರಲ್ಲಿ ಗಢವಾಲ ಜಿಲ್ಲೆಯಿಂದ ಬೇರ್ಪಟ್ಟು ರೂಪುಗೊಂಡ ಚಮೋಲಿಯು 1997ರಲ್ಲಿ ತನ್ನದೊಂದು ಭಾಗವನ್ನು ಹೊಸ ರುದ್ರಪ್ರಯಾಗ ಜಿಲ್ಲೆಗೆ ಬಿಟ್ಟುಕೊಟ್ಟಿತು, ಆದ್ದರಿಂದ ಅದಕ್ಕೂ ಹಿಂದಿನ ಗಣತಿಯ ಮೊತ್ತವನ್ನು ಇಂದಿನ ಮೊತ್ತದೊಡನೆ ನೇರವಾಗಿ ಹೋಲಿಸಿದರೆ, ಜನ ಊರು ಬಿಟ್ಟು ಹೋದರೆಂಬ ಸುಳ್ಳು ಚಿತ್ರ ಮೂಡುತ್ತದೆ.

ಗಣತಿ ನಡೆದ ಕಾಲವೂ ಮುಖ್ಯ. ದೇಶದ ಬಹುತೇಕ ಕಡೆ 2011ರ ಫೆಬ್ರುವರಿಯಲ್ಲಿ ತಲೆ ಎಣಿಸಿದರೆ, ಉತ್ತರಾಖಂಡದ ಹಿಮಾವೃತ ಪ್ರದೇಶಗಳಲ್ಲಿ ಆ ಕೆಲಸವನ್ನು 2010ರ ಸೆಪ್ಟೆಂಬರಿನಲ್ಲೇ ಮುಗಿಸಲಾಯಿತು. ಮಾಣಾ ಮತ್ತು ನೀತಿ ಕಣಿವೆಗಳ ಮೇಲಿನ ಊರುಗಳಲ್ಲಿ ಚಳಿಗಾಲಕ್ಕೆ ಜನರೇ ಇರುವುದಿಲ್ಲ. ಅಲ್ಲಿನ ಭೋಟಿಯಾ ಕುಟುಂಬಗಳು ಕುರಿ, ದನಗಳೊಡನೆ ಕೆಳಗಿನ ಊರುಗಳಿಗೆ ಇಳಿದು ಬರುತ್ತವೆ. ಒಂದೇ ಕುಟುಂಬಕ್ಕೆ ಎರಡು ಊರು ಎಂಬ ಈ ಸಂಗತಿಯನ್ನು ಹೇಳದ ಲೇಖನ, ಮಾಣಾವನ್ನು ಗಡಿಯ ಊರೆಂದು ಎಷ್ಟೇ ಕೊಂಡಾಡಿದರೂ ಅಪೂರ್ಣ. ಧಾನ್ಯ ಕೊಟ್ಟು ಟಿಬೆಟ್ಟಿನಿಂದ ಉಪ್ಪು, ಉಣ್ಣೆ ತರುತ್ತಿದ್ದ ಇವರ ವ್ಯಾಪಾರ 1962ರ ಯುದ್ಧದೊಂದಿಗೆ ನಿಂತುಹೋಯಿತು. ನನ್ನ ಮಟ್ಟಿಗೆ ಈ ಜಿಲ್ಲೆಯ ಆಧುನಿಕ ಚರಿತ್ರೆ ತಿರುಗಿಕೊಳ್ಳುವುದು ಇಲ್ಲಿಂದಲೇ.

ಅದಕ್ಕೆ ರೇಣಿ ಗ್ರಾಮಕ್ಕಿಂತ ಒಳ್ಳೆಯ ಸಾಕ್ಷಿಯಿಲ್ಲ. 1974ರ ಮಾರ್ಚ್ 26ರಂದು ಗೌರಾದೇವಿಯವರೊಂದಿಗೆ 27 ಮಹಿಳೆಯರು ಕಾಡಿಗೆ ಹೋಗಿ ಮರ ಕಡಿಯಲು ಬಂದವರನ್ನು ತಡೆದದ್ದು ನಮಗೆಲ್ಲ ಗೊತ್ತು. ಊರಿನ ಗಂಡಸರು ಅಂದು ಏಕಿರಲಿಲ್ಲ ಎಂಬುದನ್ನೂ ಲೇಖನ ಹೇಳಬೇಕು: 1962ರ ನಂತರ ಸೇನೆಯ ಅಗತ್ಯಕ್ಕೆಂದು ಹೋದ ಜಮೀನಿನ ಪರಿಹಾರ ಪಡೆಯಲು ಅವರನ್ನು ಚಮೋಲಿ ಪಟ್ಟಣಕ್ಕೆ ಕರೆಸಲಾಗಿತ್ತು. ಮರಗಳನ್ನು ಅಪ್ಪಿ ಉಳಿಸುವ ಈ ಚಿಪ್ಕೊ ಚಳವಳಿಯ ಹಿಂದೆ ಇನ್ನೂ ಹಳೆಯ ಕಥೆಯಿದೆ. 1893ರಲ್ಲಿ ಗೋಹನಾ ಬಳಿ ಬೆಟ್ಟ ಕುಸಿದು ಬಿರಹಿ ನದಿಗೆ ಅಡ್ಡಲಾಗಿ ಸರೋವರವೇ ಉಂಟಾಯಿತು. ಅದು ಒಡೆಯುವ ಕಾಲವನ್ನು ಅಂದಾಜಿಸಿದ ಎಂಜಿನಿಯರುಗಳು ಟೆಲಿಗ್ರಾಫ್ ತಂತಿ ಎಳೆಸಿ ಕೆಳಗಿನ ಊರುಗಳಿಗೆ ಎಚ್ಚರಿಕೆ ಕೊಟ್ಟಿದ್ದರಿಂದ, 1894ರ ಆಗಸ್ಟಿನ ಪ್ರವಾಹದಲ್ಲಿ ಗಢವಾಲದ ಶ್ರೀನಗರ ಪಟ್ಟಣ ಕೊಚ್ಚಿಹೋದರೂ ಐವರನ್ನು ಬಿಟ್ಟು ಯಾರೂ ಸಾಯಲಿಲ್ಲ. ಉಳಿದಿದ್ದ ಸರೋವರವನ್ನು 1970ರ ಅಲಕನಂದಾ ಪ್ರವಾಹ ನುಂಗಿತು. ಆ ಪ್ರವಾಹದ ಪರಿಹಾರ ಕಾರ್ಯಕ್ಕಿಳಿದ, ಮುಂದೆ ಚಿಪ್ಕೊದ ಮುಂದಾಳಾದ ಚಂಡೀಪ್ರಸಾದ ಭಟ್ಟರೂ ಅವರ ಸಂಗಡಿಗರೂ ಬೋಳುಗುಡ್ಡಕ್ಕೂ ಪ್ರವಾಹಕ್ಕೂ ಇರುವ ನಂಟನ್ನು ಊರೂರಿಗೆ ತಿಳಿಸಿದರು. 1983ರಲ್ಲಿ ಶಿರಸಿ ಸೀಮೆಯ ಸಲ್ಕಣಿಯಲ್ಲಿ ಆರಂಭವಾದ ಅಪ್ಪಿಕೊ ಚಳವಳಿಗೆ ಪ್ರೇರಣೆ ಇಲ್ಲಿಂದಲೇ ಬಂದದ್ದು. ಕನ್ನಡ ಓದುಗರಿಗೆ ಚಮೋಲಿ ಏಕೆ ಎಂದು ಕೇಳುವವರಿಗೆ ಇದೊಂದನ್ನೇ ಹೇಳಿದರೂ ಸಾಕು.

ಅದೇ ರೇಣಿಯ ಬಳಿ 2021ರ ಫೆಬ್ರುವರಿ 7ರಂದು, ರೋಂಟಿ ಶಿಖರದ ಬಂಡೆ ಮತ್ತು ಹಿಮ ಕಳಚಿ ಬಿದ್ದು ಎದ್ದ ಪ್ರವಾಹವು ಋಷಿಗಂಗಾ ಜಲವಿದ್ಯುತ್ ಘಟಕವನ್ನು ಅಳಿಸಿಹಾಕಿ, ತಪೋವನದ ಯೋಜನೆಯನ್ನೂ ಹಾಳುಮಾಡಿತು. ಸತ್ತವರೂ ಕಾಣೆಯಾದವರೂ ಸೇರಿ ಇನ್ನೂರಕ್ಕೂ ಹೆಚ್ಚು ಮಂದಿ. ಚಳವಳಿಯನ್ನು ಇತಿಹಾಸದ ವಿಭಾಗದಲ್ಲಿ, ದುರಂತವನ್ನು ಭೂಗೋಳದ ವಿಭಾಗದಲ್ಲಿ ಬೇರೆ ಬೇರೆಯಾಗಿ ಬರೆದರೆ ಎರಡೂ ಒಂದೇ ಊರಿನ ಕಥೆಯೆಂಬುದು ಮರೆಯಾಗುತ್ತದೆ ಎಂಬ ಕಾರಣಕ್ಕೆ ನಾನು ಎರಡನ್ನೂ ಹತ್ತಿರ ತಂದಿದ್ದೇನೆ. ಆದರೆ ಒಂದು ಇನ್ನೊಂದಕ್ಕೆ ಕಾರಣವೆಂಬ ಅರ್ಥ ಬರುವ ಮಾತನ್ನು ಸೇರಿಸಿಲ್ಲ. ಆಧಾರಗಳು ಹೇಳದ ತೀರ್ಮಾನವನ್ನು ಸಂಪಾದಕನು ತಾನಾಗಿ ಹೆಣೆಯುವುದು ವಿಶ್ವಕೋಶದ ಕ್ರಮವಲ್ಲ, ನನ್ನ ಮನಸ್ಸು ಎಷ್ಟೇ ಹಾತೊರೆದರೂ.

ಜೋಶಿಮಠದ ವಿಷಯದಲ್ಲಿ ಆಧಾರಗಳಿಗೆ ಕೊರತೆಯಿಲ್ಲ. ಶೃಂಗೇರಿಯ ಹಾಗೆಯೇ ಶಂಕರರು ಸ್ಥಾಪಿಸಿದರೆಂದು ಪರಂಪರೆ ಹೇಳುವ ನಾಲ್ಕು ಪೀಠಗಳಲ್ಲೊಂದು ಇರುವ ಈ ಪಟ್ಟಣ ನಿಂತಿರುವುದು ಹಳೆಯ ಭೂಕುಸಿತದ ಮಣ್ಣು, ಕಲ್ಲುಗಳ ಮೇಲೆ. ಭಾರೀ ನಿರ್ಮಾಣ ಸಲ್ಲದೆಂದು ಸರ್ಕಾರ ನೇಮಿಸಿದ್ದ ಮಿಶ್ರಾ ಸಮಿತಿ 1976ರಲ್ಲೇ ಎಚ್ಚರಿಸಿತ್ತು. 2023ರ ಜನವರಿಯಲ್ಲಿ ನೂರಾರು ಮನೆಗಳ ಗೋಡೆಗಳು ಬಿರುಕುಬಿಟ್ಟವು. ದಿನಾಂಕಗಳನ್ನು ಹೀಗೆ ಕ್ರಮವಾಗಿ ಇಟ್ಟರೆ ಸಾಕು, ವಿಶೇಷಣಗಳು ಬೇಕಾಗುವುದಿಲ್ಲ.

ಕೃಷಿಯ ವಿಭಾಗ ಇನ್ನೂ ತೆಳುವಾಗಿದೆ. ಗಢವಾಲದ ಮೆಟ್ಟಿಲು ಹೊಲಗಳಲ್ಲಿ ಮಂಡುವಾ ಎಂದು ಬೆಳೆಯುವುದು ನಮ್ಮ ರಾಗಿಯನ್ನೇ, ಝಂಗೋರಾ ನಮ್ಮ ಊದಲಿಗೆ ಹತ್ತಿರದ್ದು. ಆ ಹೊಲಗಳ ಹೆಚ್ಚಿನ ದುಡಿಮೆ ಹೆಂಗಸರದು. ಬದರಿಗೆ ಹೊರಡುವ ಸ್ನೇಹಿತರಲ್ಲಿ ಈಗ ನಾನೇ ಒಂದು ಮಾತು ಕೇಳಿಕೊಳ್ಳುತ್ತೇನೆ. ಗುಡಿಯ ಚಿತ್ರಗಳು ಬೇಕಾದಷ್ಟಿವೆ. ಬಸ್ಸು ನಿಂತಲ್ಲಿ ಇಳಿದು ರಾಗಿಯ ಹೊಲ, ಜಿಲ್ಲಾಕೇಂದ್ರ ಗೋಪೇಶ್ವರದ ಪೇಟೆ ಬೀದಿ, ಅಲಕನಂದೆಯ ಮೇಲಿನ ಸೇತುವೆ ಇವುಗಳ ಚಿತ್ರ ತೆಗೆದು, ಸ್ಥಳ ಮತ್ತು ದಿನಾಂಕ ಬರೆದು, ಎಲ್ಲರೂ ಬಳಸಬಹುದಾದ ಮುಕ್ತ ಪರವಾನಗಿಯಲ್ಲಿ ದಯವಿಟ್ಟು ಕೊಡಿ.