ಬಾಜೂ ಖೋಲಿಯ ಮಗುವಿಗೆ ಹೊಡೀತಾರೆ, ಫೋನ್ ಮಾಡಬೇಕಾ?

ಮುಂಬೈಯ ಚಾಳುಗಳಲ್ಲಿರುವ ನಮ್ಮ ಕನ್ನಡದವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಬಾಜೂ ಖೋಲಿಯ ಹುಡುಗ ರಾತ್ರಿಯೆಲ್ಲ ಅಳ್ತಾನೆ, ಮೈಮೇಲೆ ಬಾಸುಂಡೆ ಇದೆ. ಆದರೆ ಖಾತ್ರಿಯಿಲ್ಲ. ಅವರೂ ನಮ್ಮ ಊರ ಕಡೆಯವರೇ. ಫೋನ್ ಮಾಡಿದರೆ ಮಗೂನ ಡೋಂಗ್ರಿಯ ಬಾಲಗೃಹಕ್ಕೆ ಹಾಕಿಬಿಡ್ತಾರಾ?"

ಖಾತ್ರಿಯಾಗಲಿ ಅಂತ ಕಾಯಬೇಡಿ. ತನಿಖೆ ಮಾಡುವವರು ಬೇರೆ ಇದ್ದಾರೆ. ನೀವು ಕಂಡದ್ದನ್ನು, ಕೇಳಿಸಿಕೊಂಡದ್ದನ್ನು ಹೇಳಿದರೆ ಸಾಕು.

ಏನನ್ನು ನೋಡಬೇಕು? ಆಡುವ ಮಕ್ಕಳಿಗೆ ಮೊಣಕಾಲು, ಹಣೆ ತರಚುವುದು ಸಹಜ. ಬೆನ್ನು, ತೊಡೆ, ಕಿವಿಯ ಮೇಲಿನ ಗುರುತು ಹಾಗಲ್ಲ. ಬೆಲ್ಟಿನ ಅಚ್ಚು, ಬೀಡಿಯಷ್ಟೇ ಅಗಲದ ದುಂಡನೆಯ ಸುಟ್ಟ ಗಾಯ, ಇನ್ನೂ ನಡೆಯಲು ಬಾರದ ಕೂಸಿನ ಮೈಮೇಲೆ ಕಂದಿದ ಗುರುತು, ಕೇಳಿದಾಗಲೆಲ್ಲ ಬದಲಾಗುವ ಕಾರಣ, ಇವೆಲ್ಲ ಗಂಭೀರ. ತಾರೀಖು, ಹೊತ್ತು, ಕಂಡದ್ದು ಇಷ್ಟನ್ನು ಒಂದು ಹಾಳೆಯಲ್ಲಿ ಬರೆದಿಡಿ. "ಅಪ್ಪ ಕೆಟ್ಟವನು" ಅನ್ನುವುದಕ್ಕಿಂತ "ಮಂಗಳವಾರ ಸಂಜೆ ಎಡಕಿವಿ ಊದಿತ್ತು" ಅನ್ನುವ ಮಾತು ಕೆಲಸಕ್ಕೆ ಬರುತ್ತದೆ. ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಮಾತ್ರ ಹಾಕಬೇಡಿ. ಇಂಥ ಮಗುವಿನ ಗುರುತು ಬಯಲು ಮಾಡುವುದೇ ಅಪರಾಧ.

ಬಡತನವನ್ನು ಹಿಂಸೆ ಎಂದು ತಿಳಿಯುವ ತಪ್ಪೂ ಆಗುತ್ತದೆ. ಗಂಡ ಹೆಂಡತಿ ಇಬ್ಬರೂ ಬಿಲ್ಡಿಂಗ್ ಕೆಲಸಕ್ಕೆ ಹೋಗಿ, ಎಂಟು ವರ್ಷದ ಅಕ್ಕನ ಕೈಗೆ ಕೂಸನ್ನು ಕೊಟ್ಟಿದ್ದರೆ, ಆ ಮನೆಗೆ ಮೊದಲು ಬೇಕಾದ್ದು ಅಂಗನವಾಡಿ, ಶಾಲೆ, ಪಡಿತರ. ಅಲ್ಲಿ ನೆರೆಯವರ ಕೈ ಪೊಲೀಸರಿಗಿಂತ ಹೆಚ್ಚು ನೆರವಾಗುತ್ತದೆ.

ಫೋನ್ ಮಾಡುವುದಾದರೆ 1098, ಮಕ್ಕಳ ಸಹಾಯವಾಣಿ. ಹಗಲೂ ರಾತ್ರಿ ಇರುತ್ತದೆ, ದುಡ್ಡಿಲ್ಲ. ಅದು ಶುರುವಾದದ್ದೂ 1996ರಲ್ಲಿ, ಇದೇ ಮುಂಬೈಯಲ್ಲಿ. ನಿಮ್ಮ ಹೆಸರು ಹೇಳಲು ಇಷ್ಟವಿಲ್ಲದಿದ್ದರೆ ಹಾಗೆಂದು ಹೇಳಿ. ಮಗುವಿನ ಅಂದಾಜು ವಯಸ್ಸು, ಚಾಳಿನ ಹೆಸರು, ಖೋಲಿ ನಂಬರು, ಮನೆಯಲ್ಲಿ ಯಾರು ಯಾವ ಹೊತ್ತಿಗೆ ಇರುತ್ತಾರೆ, ಮಗು ಯಾವ ಭಾಷೆ ಆಡುತ್ತದೆ ಇವನ್ನು ತಪ್ಪದೆ ತಿಳಿಸಿ. ಈಗಲೇ ಜೀವಕ್ಕೆ ಅಪಾಯವಿದ್ದರೆ ನೇರ 112, ಪೊಲೀಸರ ತುರ್ತು ನಂಬರು.

ಲೈಂಗಿಕ ದೌರ್ಜನ್ಯದ ಶಂಕೆಯಿದ್ದರೆ ಯೋಚಿಸುತ್ತ ಕೂರುವ ಮಾತೇ ಇಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡಲು ಇರುವ 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ತಿಳಿಸಲೇಬೇಕು. ಮುಚ್ಚಿಟ್ಟವರಿಗೆ ಆರು ತಿಂಗಳವರೆಗೆ ಜೈಲು ಅಥವಾ ದಂಡ, ಇಲ್ಲವೇ ಎರಡೂ ಆಗಬಹುದು. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ, ಶಂಕೆ ಸುಳ್ಳಾದರೂ, ಕೇಸು ನಿಲ್ಲುವುದಿಲ್ಲ. "ಮನೆ ಮರ್ಯಾದೆ, ಹಿರಿಯರನ್ನು ಕೂರಿಸಿ ಬಗೆಹರಿಸೋಣ" ಎಂದರೆ ದಯವಿಟ್ಟು ಒಪ್ಪಬೇಡಿ. ಪಂಚಾಯ್ತಿ ಮುಗಿದ ರಾತ್ರಿ ಮಗು ಮತ್ತೆ ಅದೇ ಮನೆಯಲ್ಲಿರುತ್ತದೆ, ಮಾತು ಹೊರಗೆ ಹೋಗಿದೆ ಎಂದು ಗೊತ್ತಾದವನ ಜೊತೆಗೆ. ಅಪ್ಪ ಅಮ್ಮನನ್ನು ನೀವೇ ಹೋಗಿ ದಬಾಯಿಸಿದರೂ ಹೀಗೇ ಆಗುವುದು.

ಮಗು ತಾನಾಗಿ ಏನಾದರೂ ಹೇಳಿದರೆ ಕೇಳಿಸಿಕೊಳ್ಳಿ, ಅದರ ಮಾತಿನಲ್ಲೇ ಬರೆದುಕೊಳ್ಳಿ. "ಅವನು ಇಲ್ಲಿ ಮುಟ್ಟಿದನಾ?" ಎಂದು ನೀವೇ ಬಾಯಿಗೆ ಮಾತು ಕೊಡಬೇಡಿ; ನಾಳೆ ಅದೇ ಮಾತು ಕೋರ್ಟಿನಲ್ಲಿ ಮಗುವಿಗೆ ಎದುರಾಗುತ್ತದೆ. "ಯಾರಿಗೂ ಹೇಳಲ್ಲ" ಎಂದು ಮಾತು ಕೊಡುವುದೂ ಬೇಡ.

ಇನ್ನು ಡೋಂಗ್ರಿಯ ಭಯ. ಫೋನ್ ಬಂದ ಮಾತ್ರಕ್ಕೆ ಮಗುವನ್ನು ಎತ್ತಿಕೊಂಡು ಹೋಗುವುದಿಲ್ಲ. ಸಹಾಯವಾಣಿಯವರು ಬಂದು ನೋಡುತ್ತಾರೆ. ಮನೆಯಿಂದ ಬಿಡಿಸಿದರೆ 24 ಗಂಟೆಯೊಳಗೆ, ಇಂಥ ಮಕ್ಕಳು ಎಲ್ಲಿರಬೇಕೆಂದು ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಅಜ್ಜಿ, ಚಿಕ್ಕಮ್ಮ, ಸೋದರಮಾವ ಯಾರಾದರೂ ನೋಡಿಕೊಳ್ಳುವರೇ ಎಂದು ಸಮಿತಿ ವಿಚಾರಿಸುತ್ತದೆ. 2015ರ ಬಾಲ ನ್ಯಾಯ ಕಾಯ್ದೆಯಲ್ಲಿ ಬಾಲಗೃಹ ಕೊನೆಯ ದಾರಿ.

ಭಾಷೆಯಲ್ಲೇ ಬಹಳ ಸಲ ಎಡವಟ್ಟಾಗುವುದು. ಕನ್ನಡವಷ್ಟೇ ಬಲ್ಲ ಮಗುವಿನ ಮಾತನ್ನು ಮರಾಠಿಗೋ ಹಿಂದಿಗೋ ಹೇಳಲು ಮನೆಯವರೇ ನಿಂತರೆ, ನಡೆದದ್ದು ಅಲ್ಲೇ ಮುಚ್ಚಿಹೋಗುತ್ತದೆ. ಪೋಕ್ಸೊ ಪ್ರಕರಣದಲ್ಲಿ ದುಭಾಷಿಯನ್ನು ಕೊಡಬೇಕೆಂದು ಕಾಯ್ದೆಯೇ ಹೇಳಿದೆ, ಕೇಳಿ ಪಡೆಯಿರಿ. ಮಗುವಿನ ಹೇಳಿಕೆಯನ್ನು ಸಮವಸ್ತ್ರವಿಲ್ಲದ ಪೊಲೀಸರು ಅದರ ಮನೆಯಲ್ಲಿ ಅಥವಾ ಅದು ಬಯಸಿದ ಜಾಗದಲ್ಲಿ ತೆಗೆದುಕೊಳ್ಳಬೇಕು, ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ.

ಒಂದು ಫೋನಿಗೆ ಯಾರೂ ಬರದಿದ್ದರೆ ಮರುದಿನ ಮತ್ತೆ ಮಾಡಿ, ಮೊದಲ ಕರೆಯ ತಾರೀಖು ಹೇಳಿ. ಆಗಲೂ ಆಗದಿದ್ದರೆ ನೀವು ಬರೆದಿಟ್ಟ ಹಾಳೆಯ ಪ್ರತಿಯೊಡನೆ ಸಮಿತಿಗೇ ಅರ್ಜಿ ಕೊಟ್ಟು, ಸ್ವೀಕೃತಿಯ ಶಿಕ್ಕಾ ಹಾಕಿಸಿಕೊಳ್ಳಿ.